ತಂಗಳ ಹೋಳಿಗೆಯ ಜಯಂತಿ

ರಾಣೆಬೆನ್ನೂರು, ನವೆಂಬರ್ 34, 2411, ಮಧ್ಯಾಹ್ನ ಊಟವಾದ ಮೇಲೆ.

ಹಾವನೂರ ಬಳಗದ ಮೊಬೈಲ್ ಗ್ರೂಪಿನಲ್ಲಿ ಒಬ್ಬರನ್ನು ಬಿಟ್ಟು ಉಳಿದ ನಲವತ್ಮೂರು ಜನ ಹಿರಿಯರಿಗೆ ಮಹಾರುದ್ರಪ್ಪ ಕಾಕೋಳ ಮಾಡುವ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಇಪ್ಪತ್ತೆರಡೇ ದಿನ. ಅದರ ಆರು ದಿನ ಕಿತ್ತು ನವೆಂಬರಿಗೆ ಹಚ್ಚಿದ್ದಾರೆ. ಆಗಿನ ಅಧ್ಯಕ್ಷರ ಮೈಗೆ ನವೆಂಬರಿನ ಹವೆ ಒಗ್ಗುತ್ತಿತ್ತಂತೆ, ಬೇರೆ ಕಾರಣವೇನೂ ಇಲ್ಲ. ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಅದಕ್ಕೂ ಕ್ಷಮೆಯಿರಲಿ. ನಾನು ಕೂತು ಮಾತಾಡುತ್ತಿದ್ದೇನೆ, ಯಂತ್ರ ಬರೆದುಕೊಳ್ಳುತ್ತಿದೆ. ಅದಕ್ಕೊಂದು ಚಟ. ನನ್ನ ಮಾತನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಿದ್ದುತ್ತದೆ, ಬೇರೆಯವರ ಮಾತನ್ನು ಇದ್ದ ಹಾಗೆ ಬಿಡುತ್ತದೆ. ಹೀಗಾಗಿ ಈ ಕಾಗದದಲ್ಲಿ ನನ್ನ ಹೆಂಡತಿ ಮನುಷ್ಯಳಂತೆಯೂ ನಾನು ಶಾಲೆಯ ಮಾಸ್ತರನಂತೆಯೂ ಕೇಳಿಸುತ್ತೇವೆ.

ಇದು ಹಿಂದಂಚೆ. ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಐವತ್ತು ತುಂಬಿದವರಿಗೆ ಜೀವಮಾನದಲ್ಲಿ ಒಂದೇ ಒಂದು ಕಾಗದ. ಉತ್ತರ ಬರುವುದಿಲ್ಲ. ನನಗೆ ಹೋದ ತಿಂಗಳು ಐವತ್ತು ತುಂಬಿತು. ಆ ಕಾಗದವನ್ನು ನಾನು ನಿಮಗೆ ಬರೆಯುತ್ತೇನೆ ಎಂದಾಗ ನನ್ನ ಹೆಂಡತಿ ದಾಕ್ಷಾಯಣಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಜೀವಮಾನಕ್ಕ ಒಂದ ಕಾಗದ! ಚಟ್ನಿಪುಡಿಗೆ ಏನ್ ಹಾಕ್ತಿ ಅನ್ನೂದನ್ನ ಬರದಿಟ್ಟು ಹೋಗು ಅಂತ ನಮ್ಮಜ್ಜಿಗೆ ಬರೀರಿ ಅಂತ ಇಪ್ಪತ್ತೈದು ವರ್ಷದಿಂದ ಬಡ್ಕೊಳ್ಳಾಕತ್ತೀನಿ. ನೀವು ಮಂದಿ ಕಾಕುಗ ಬರೀತೀರಿ?" ಎಂದಳು. ಮಂದಿ ಕಾಕು ಎಂದರೆ ನಿಮ್ಮ ಗ್ರೂಪಿನ ನಿಂಬವ್ವ ಕಾಕು. ನಿಮಗೆ ಆಕೆ ಕಾಕು, ಅಂದರೆ ಚಿಕ್ಕಮ್ಮ. ನಮಗೆ ಆಕೆ ಊರಿನ ಮೂಲಪುರುಷ. ಮೂಲಸ್ತ್ರೀ ಎನ್ನಬೇಕು, ಆದರೆ ಶಿಲಾಫಲಕದಲ್ಲಿ ಹಾಗೇ ಕೆತ್ತಿಬಿಟ್ಟಿದ್ದಾರೆ.

ಇದು ಹೇಗಾಯಿತು ಎಂದು ಹೇಳುತ್ತೇನೆ. ನಿಮ್ಮ ಕಾಲದ ಬರಹ, ಚಿತ್ರ, ದಾಖಲೆ ಎಲ್ಲ ಒಂದು ಮಧ್ಯಾಹ್ನ ಅಳಿಸಿಹೋದವು. ಯಾರೋ ಏನೋ ಒತ್ತಿದರಂತೆ. ನಮ್ಮ ಸೀಮೆಗೆ ಉಳಿದದ್ದು ಒಂದೇ ಫೋನು. ಅದೂ ಮಣ್ಣಿನೊಳಗೆ, ಒಂದು ಅಕ್ಕಿ ಡಬ್ಬಿಯಲ್ಲಿ ಹುಗಿದುಕೊಂಡು ಕೂತಿತ್ತು. ಪಂಡಿತರೆಲ್ಲ ಸೇರಿ, ದೊಡ್ಡವರು ತೀರಿಕೊಂಡಾಗ ಅವರ ಫೋನನ್ನು ಅಕ್ಕಿಯಲ್ಲಿ ಸಮಾಧಿ ಮಾಡುವ ಪದ್ಧತಿ ಇತ್ತು ಎಂದು ತೀರ್ಮಾನಿಸಿದರು. ಆ ಫೋನಿನಲ್ಲಿ ನಿಮ್ಮ ಗ್ರೂಪಿನ ಒಂದು ವರ್ಷದ ಮಾತುಕತೆ ಇತ್ತು, 2027ರದ್ದು. ಇತಿಹಾಸ ಎಂದರೆ ನಮಗೆ ಅಷ್ಟೇ. ದಿನಮಂಡಳಿ ಎಂಬ ಒಂದು ಸಭೆ ಕೂತು ಆ ವರ್ಷದ ಒಂದೊಂದು ದಿನವನ್ನು ಒಂದೊಂದು ಊರಿಗೆ ಹಂಚಿತು. ಆ ದಿನ ಏನಾಯಿತು, ಯಾರು ಹುಟ್ಟಿದರು, ಏನು ಆಚರಿಸಬೇಕು ಎಂಬುದನ್ನು ಆ ಊರು ಕಾಯಬೇಕು. ಕಾಯುವವನಿಗೆ ದಿನಗಾರ ಎನ್ನುತ್ತಾರೆ. ರಾಣೆಬೆನ್ನೂರಿಗೆ ನವೆಂಬರ್ 24 ಬಂತು. ಅದರ ದಿನಗಾರ ನಾನು.

ನಮ್ಮ ದಿನ ಎಷ್ಟು ತುಂಬಿದ ದಿನ ಗೊತ್ತೇ? ಬೆಳಿಗ್ಗೆ ಐದೂ ನಲವತ್ತಕ್ಕೆ ಗುಲಾಬಿ ದರ್ಶನ. ನಿಮ್ಮ ಚೆನ್ನಬಸಪ್ಪ ಮಾವ ಅಷ್ಟು ಹೊತ್ತಿಗೆ ಒಂದು ಗುಲಾಬಿ ಹಾಕುತ್ತಿದ್ದರಲ್ಲ, ಅದಕ್ಕಾಗಿ ನಮ್ಮಲ್ಲಿ ಒಬ್ಬ ಗುಲಾಬಿಗನಿದ್ದಾನೆ. ಮನೆಮನೆಯ ಬಾಗಿಲು ಬಡಿದು, ನಿದ್ದೆಗಣ್ಣಿನವರ ಮುಖಕ್ಕೆ ಹೂವು ಹಿಡಿದು ಮುಂದೆ ಹೋಗುತ್ತಾನೆ. ಬೈಸಿಕೊಳ್ಳುವುದೂ ಅವನ ಕೆಲಸದಲ್ಲೇ ಸೇರಿದೆ. ಎಂಟಕ್ಕೆ ಮೊಣಕಾಲು ಪೂಜೆ. ಆ ದಿನ ಯಾರೋ "ಇಂದು ವಿಶ್ವ ಮೊಣಕಾಲು ದಿನ, ಹನ್ನೊಂದು ಜನಕ್ಕೆ ಕಳಿಸಿ" ಎಂದು ಹಾಕಿದ್ದರು. ಹೀಗಾಗಿ ನಾವು ಹಿರಿಯರ ಪಾದ ಬಿಟ್ಟು ಮೊಣಕಾಲಿಗೆ ನಮಸ್ಕರಿಸುತ್ತೇವೆ, ಸರಿಯಾಗಿ ಹನ್ನೊಂದು ಹಿರಿಯರಿಗೆ. ಮೊಣಕಾಲು ನೋಯುವ ಹಿರಿಯರು ಆ ದಿನ ಮನೆಯ ಹಿಂಬಾಗಿಲಿನಿಂದ ಪಾರಾಗುತ್ತಾರೆ. ಹತ್ತಕ್ಕೆ ಮುಖ್ಯ ವಿಧಿ. ಇಡೀ ಓಣಿಯ ಜನ ಎದುರುಬದುರು ನಿಲ್ಲುತ್ತಾರೆ. ಈ ಕಡೆಯವರು "ಗ್ಯಾಸ್ ಬಂತೇನ್ರೀ?" ಎಂದು ಕೂಗುತ್ತಾರೆ. ಆ ಕಡೆಯವರು "ಇಲ್ರೀ, ನಾಳಿ ಅಂತ" ಎನ್ನುತ್ತಾರೆ. ಮೂರು ಸಲ. ಗ್ಯಾಸ್ ಯಾರು, ಯಾವ ಊರಿನವರು, ಏಕೆ ಬರಲಿಲ್ಲ, ಇದು ಯಾರಿಗೂ ಗೊತ್ತಿಲ್ಲ. ಆದರೂ "ನಾಳಿ ಅಂತ" ಎನ್ನುವಾಗ ಮುದುಕಿಯರ ಕಣ್ಣಲ್ಲಿ ನೀರು ಬರುತ್ತದೆ.

ಇಷ್ಟಾದ ಮೇಲೆ ಜಯಂತಿ. ಆ ದಿನ ನಿಮ್ಮ ಗ್ರೂಪಿನ ನಲವತ್ಮೂರು ಜನ ಒಬ್ಬರ ಹಿಂದೆ ಒಬ್ಬರು "ಹ್ಯಾಪಿ ಬರ್ತ್‌ಡೇ ಕಾಕು" ಎಂದು ಹಾಕಿದ್ದೀರಿ. ವರ್ಷವಿಡೀ ಹುಡುಕಿದರೂ ಇನ್ಯಾರಿಗೂ ಅಷ್ಟು ಬಂದಿಲ್ಲ. ಹುಟ್ಟಿದ್ದಕ್ಕೇ ನಲವತ್ಮೂರು ಜನ ಸಂಭ್ರಮಿಸಬೇಕಾದರೆ ಆಕೆ ಎಂಥ ಮಹಾತ್ಮಳಿರಬೇಕು! ಯುದ್ಧ ಗೆದ್ದಳೋ, ರೋಗಕ್ಕೆ ಮದ್ದು ಕಂಡುಹಿಡಿದಳೋ ಎಂದು ನಮ್ಮ ಪಂಡಿತರು ಇನ್ನೂ ಹೊಡೆದಾಡುತ್ತಿದ್ದಾರೆ. ಕಾಕು ಆ ದಿನ ಬರೆದದ್ದು ಒಂದೇ ಸಾಲು. ತಟ್ಟೆಯಲ್ಲಿ ಹೋಳಿಗೆಯ ಚಿತ್ರ, ಕೆಳಗೆ "ನಿನ್ನೆ ಮಾಡಿದ್ದು, ಇವತ್ತು ತಿಂದೆ." ಇದು ನಮಗೆ ಶಾಸನ. ರಾಣೆಬೆನ್ನೂರಿನಲ್ಲಿ ಎಲ್ಲ ಮನೆಯವರೂ ಇಪ್ಪತ್ಮೂರಕ್ಕೆ ಹೋಳಿಗೆ ಮಾಡಿ, ಮುಚ್ಚಿಟ್ಟು, ಇಪ್ಪತ್ನಾಲ್ಕಕ್ಕೆ ತಿನ್ನುತ್ತೇವೆ. ಬಿಸಿ ಇದ್ದಾಗ ತಿಂದರೆ ಮಹಾಪರಾಧ. ನಾನು ಚಿಕ್ಕವನಿದ್ದಾಗ ತಿಂದು ಸಿಕ್ಕಿಬಿದ್ದಿದ್ದೇನೆ. ನಿನ್ನೆ ಮಾಡಿ ಇವತ್ತು ಏಕೆ ತಿನ್ನಬೇಕು ಎಂಬುದು ಮುನ್ನೂರು ವರ್ಷ ಯಾರಿಗೂ ಹೊಳೆಯಲಿಲ್ಲ.

ಈಗ ಕಷ್ಟಕ್ಕೆ ಬರುತ್ತೇನೆ. ನಮ್ಮ ಪಕ್ಕದ ಬ್ಯಾಡಗಿಗೆ ಹಂಚಿಕೆಯಾದದ್ದು ನವೆಂಬರ್ 23. ಆ ದಿನ ನಿಮ್ಮ ಗ್ರೂಪಿನಲ್ಲಿ ಏನೂ ಇಲ್ಲ. ಒಂದು ಅಕ್ಷರ ಇಲ್ಲ, ಒಂದು ಗುಲಾಬಿಯೂ ಇಲ್ಲ. ಕಾರಣ ಹಾವೇರಿಯವರಿಗೆ ಸಿಕ್ಕ ಇಪ್ಪತ್ತೆರಡರಲ್ಲಿದೆ. ಆ ದಿನ ಯಾವುದೋ ಮದುವೆಯಲ್ಲಿ ಯಾರಿಗೋ ಎರಡನೇ ಸಲ ಅನ್ನ ಬಡಿಸಲಿಲ್ಲವೆಂದು ನಿಮ್ಮಲ್ಲಿ ರಾತ್ರಿಯವರೆಗೆ ಜಗಳವಾಗಿದೆ. ಹಾವೇರಿಯವರು ಅದನ್ನು ವರ್ಷಾ ವರ್ಷ ವೇಷ ಕಟ್ಟಿ ಆಡುತ್ತಾರೆ, ಬಹಳ ಚೆಂದ. ಮರುದಿನ ನೀವೆಲ್ಲ ಮುನಿಸಿಕೊಂಡು ಬಾಯಿ ಮುಚ್ಚಿಕೊಂಡು ಕೂತಿರಿ. ನಿಮ್ಮ ಒಂದು ದಿನದ ಮುನಿಸು ಬ್ಯಾಡಗಿಗೆ ಶಾಶ್ವತವಾಗಿ ಬಿತ್ತು. ಅವರ ದಿನಗಾರ ಫಕ್ಕೀರಪ್ಪ ನನ್ನ ಬೀಗ, ನನ್ನ ಮಗಳನ್ನು ಕೊಟ್ಟ ಮನೆಯವನು. ಆತ ಪ್ರತಿ ವರ್ಷ ಮಂಟಪ ಹತ್ತಿ, ಕೆಮ್ಮಿ, "ಇವತ್ತು ಏನೂ ಆಗಿಲ್ಲ" ಎಂದು ಹೇಳಿ ಇಳಿಯುತ್ತಾನೆ. ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೊನ್ನೆ ಆತ ನನ್ನ ಮುಂದೆ ಕೂತು, "ಬೀಗರ, ನಿಮಗ ನಿಂಬವ್ವ ಸಿಕ್ಕಳು. ನಮಗ ಒಂದು ನಾಯಿ ಬೊಗಳಿದ್ದನ್ನರ ಬರದಿಟ್ಟಿದ್ರ ಸಾಕಿತ್ತು. ಅವತ್ತ ನಾಯೀನೂ ಸಿಟ್ಟು ಮಾಡ್ಕೊಂಡಿತ್ತೇನ್ರೀ?" ಎಂದ.

ಈ ಡಿಸೆಂಬರ್ ಒಂದಕ್ಕೆ ದಿನಮಂಡಳಿ ಕೂಡುತ್ತದೆ. ಖಾಲಿ ದಿನ ಇಟ್ಟುಕೊಂಡು ಏನು ಮಾಡುವುದು ಎಂದು ಇಪ್ಪತ್ಮೂರನ್ನು ಕ್ಯಾಲೆಂಡರಿನಿಂದ ತೆಗೆಯುತ್ತಾರಂತೆ. ದಾವಣಗೆರೆಯವರ ದಿನದಲ್ಲಿ ಕಾರ್ಯಕ್ರಮಗಳೆಲ್ಲ ಹಿಡಿಯುತ್ತಿಲ್ಲವಂತೆ, ಈ ಇಪ್ಪತ್ನಾಲ್ಕು ತಾಸು ಅವರಿಗೆ ಕೊಡುತ್ತಾರೆ. ನನ್ನ ಮೊಮ್ಮಗಳು ಹೊನ್ನಿ ಹುಟ್ಟಿದ್ದು ನವೆಂಬರ್ 23. ಬರುವ ವರ್ಷ ಆರು ತುಂಬಬೇಕು. ಸುದ್ದಿ ಕೇಳಿ ಬ್ಯಾಡಗಿಯಿಂದ ಅವರಪ್ಪನ ಹೆಗಲ ಮೇಲೆ ಬಂದು ನನ್ನ ತೊಡೆಯ ಮೇಲೆ ಕೂತಳು. "ಅಜ್ಜಾ, ನಾ ಹುಟ್ಟಿದ ದಿನಾನ ತಗದ್ರ ನಾ ಎಲ್ಲಿ ಹುಟ್ಟಲಿ?" ಎಂದು ಕೇಳಿದಳು. ಮೂವತ್ತು ವರ್ಷ ದಿನಗಾರಿಕೆ ಮಾಡಿದವನು ನಾನು, ಅವಳ ಕೈಗೆ ಒಂದು ಬೆಲ್ಲದ ಚೂರು ಇಟ್ಟೆ.

ಅದೇ ವಾರ ಇನ್ನೊಂದಾಯಿತು. ಆ ಫೋನಿನಲ್ಲಿ ಕಾಕು ಇಪ್ಪತ್ನಾಲ್ಕರಂದು ಮಾತಾಡಿ ಹಾಕಿದ್ದ ಒಂದು ಧ್ವನಿಯೂ ಇತ್ತು. ಅಕ್ಕಿಯ ಧೂಳು ಕೂತು ಇಷ್ಟು ವರ್ಷ ತೆರೆದಿರಲಿಲ್ಲ. ಮೊನ್ನೆ ತೆರೆಯಿತು. ಇಡೀ ಊರು ಪೂಜಿಸುವ ದನಿಯನ್ನು ಮೊದಲು ಕೇಳಿದವನು ನಾನೇ. ಮೈ ತೊಳೆದುಕೊಂಡು, ಕೈ ಮುಗಿದು ಕೇಳಿದೆ. ಕೇಳಿದ್ದನ್ನು ಹಾಗೇ ಹೇಳುತ್ತೇನೆ.

"ಎಲ್ಲಾರಿಗೂ ಭಾಳ ಥ್ಯಾಂಕ್ಸ್ ನೋಡ್ರಪಾ. ನಲವತ್ಮೂರು ಮಂದಿ ಹಾಕೀರಿ, ಎಣಿಸೀನಿ. ಆದ್ರ ನಾ ಹುಟ್ಟಿದ್ದು ಇವತ್ತಲ್ಲ, ನಿನ್ನೆ. ಇರ್ಲಿ, ಜಗಳದಾಗ ನೆನಪ ಹೋಗಿರ್ತೈತಿ. ನಿನ್ನೆ ಯಾರರ ಬರ್ತೀರೇನೋ ಅಂತ ಹತ್ತು ಹೋಳಿಗಿ ಮಾಡಿದ್ದೆ. ಬಾಗಲಾ ಸಪ್ಪಳಾದ್ರ ಎದ್ದು ಹೋಗಿ ನೋಡೂದು, ನೋಡಿದ್ರ ಗಾಳಿ. ಸಂಜಿಮುಂದ ಖರೇನ ಒಬ್ಬಾಂವ ಬಂದ, ನೋಡಿದ್ರ ಗ್ಯಾಸಿನಾಂವ, ಮನಿ ತಪ್ಪಿ ಬಂದಿದ್ದ. ಬಂದಾನಲ್ಲ ಪಾಪ ಅಂತ ಅವಗ ಒಂದು ಕೊಟ್ಟೆ. ಉಳಿದಿದ್ದು ಇವತ್ತು ತಿನ್ನಾಕತ್ತೀನಿ. ತಂಗಳ ಹೋಳಿಗಿ ರುಚಿ ಬ್ಯಾರೇನ ಬಿಡ್ರಿ." ಆಮೇಲೆ ಒಂದು ಸಣ್ಣ ನಗು. ಅಷ್ಟೇ.

ಇನ್ನೊಮ್ಮೆ ಹಚ್ಚಿ ಕೇಳಿದೆ. ನಮ್ಮ ಊರಿನ ಅಷ್ಟು ದೊಡ್ಡ ಶಾಸನದ ಅರ್ಥ, ಮುದುಕಿಯೊಬ್ಬಳ ಮನೆಗೆ ಯಾರೂ ಬರಲಿಲ್ಲ ಎಂಬುದು. ಗ್ಯಾಸ್ ಎಂದರೆ ಒಂದು ಹೋಳಿಗೆ ತಿಂದು ಹೋದ ಮನುಷ್ಯನಿಗೆ ಸಂಬಂಧಪಟ್ಟದ್ದು ಎಂದೂ ತಿಳಿಯಿತು, ಆದರೆ ಅದರಿಂದ ಸಮಾಧಾನವಾಗಲಿಲ್ಲ. ದಾಕ್ಷಾಯಣಿಗೂ ಕೇಳಿಸಿದೆ. ಅವಳು ಸೌಟು ಕೆಳಗಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡು, "ಬರೀರಿ ಕಾಗದಾ. ಚಟ್ನಿಪುಡಿ ಹಾಳಾಗಿ ಹೋಗ್ಲಿ. ನಲವತ್ಮೂರು ಮಂದಿ ಇದ್ದು ಒಬ್ಬರಿಗೂ ಕಾಲ ಇದ್ದಿದ್ದಿಲ್ಲೇನು?" ಎಂದಳು. ಇದನ್ನು ನಿಮಗೆ ಮುಟ್ಟಿಸಬೇಕೆಂದು ಹೇಳಿದ್ದಾಳೆ, ಮುಟ್ಟಿಸಿದ್ದೇನೆ.

ಈಗ ನನ್ನ ಇಕ್ಕಟ್ಟು ನೋಡಿ. ಈ ಧ್ವನಿಯನ್ನು ಮಂಡಳಿಯ ಮುಂದೆ ಹಚ್ಚಿದರೆ ಕಾಕುವಿನ ಜಯಂತಿ ಬ್ಯಾಡಗಿಗೆ ಹೋಗುತ್ತದೆ, ಹೊನ್ನಿಯ ದಿನ ಉಳಿಯುತ್ತದೆ. ಆದರೆ ಜಯಂತಿ ಹೋದರೆ ನಮಗೆ ಉಳಿಯುವುದು ಮೊಣಕಾಲು ಮತ್ತು ಗ್ಯಾಸು. ಅಷ್ಟಕ್ಕೆ ಮಂಡಳಿ ದಿನ ಉಳಿಸುವುದಿಲ್ಲ. ನಮ್ಮೂರಿನಲ್ಲಿ ಹೆಣ್ಣುಮಕ್ಕಳಲ್ಲಿ ಮೂವರಿಗೆ ಒಬ್ಬಳ ಹೆಸರು ನಿಂಬವ್ವ. ಬಚ್ಚಿಟ್ಟರೆ ಮೊಮ್ಮಗಳ ದಿನ ಹೋಗುತ್ತದೆ. ಬೀಗನ ಮುಖ ನೋಡಲಾಗುವುದಿಲ್ಲ. ಎರಡು ದಿನದಿಂದ ನನಗೆ ಊಟ ಸೇರಿಲ್ಲ. ಇವತ್ತು ಮಾತ್ರ ಸ್ವಲ್ಪ ಸೇರಿತು, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಅದನ್ನು ತಿನ್ನುತ್ತಿರುವಾಗಲೇ ಈ ಕಾಗದದಲ್ಲಿ ಏನು ಕೇಳಬೇಕೆಂಬ ಉಪಾಯ ಹೊಳೆಯಿತು.

ಈ ಕಾಗದ ನಿಮಗೆ 2027ರ ನವೆಂಬರಿಗಿಂತ ಮೊದಲೇ ಮುಟ್ಟುತ್ತದೆ ಎಂದು ಅಂಚೆಯವರು ಭರವಸೆ ಕೊಟ್ಟಿದ್ದಾರೆ. ಆದ್ದರಿಂದ ಹಿರಿಯರೇ, ದಯವಿಟ್ಟು ಇಷ್ಟು ಮಾಡಿ. ಇಪ್ಪತ್ತೆರಡರ ಜಗಳವನ್ನು ಬೇಕಾದಷ್ಟು ಆಡಿ, ನಿಲ್ಲಿಸಿದರೆ ಹಾವೇರಿಯವರು ನನ್ನನ್ನು ಬಿಡುವುದಿಲ್ಲ. ಆದರೆ ಇಪ್ಪತ್ಮೂರಕ್ಕೆ ಯಾರಾದರೊಬ್ಬರು, ಸಿಟ್ಟಿದ್ದರೂ ಸರಿ, ಗ್ರೂಪಿನಲ್ಲಿ ಏನಾದರೂ ಹಾಕಿ. ನಮ್ಮ ಬೆಕ್ಕು ಮರಿ ಹಾಕಿತು ಎಂದು ಹಾಕಿದರೂ ಸಾಕು, ಬ್ಯಾಡಗಿಯವರು ಅದಕ್ಕೊಂದು ಮೆರವಣಿಗೆ ಮಾಡುತ್ತಾರೆ. ಮೆಣಸಿನಕಾಯಿಯ ಮಾತು ಬಂದರಂತೂ ಫಕ್ಕೀರಪ್ಪ ಕುಣಿದುಬಿಡುತ್ತಾನೆ. ಕಾಕುವಿನ ಹುಟ್ಟುಹಬ್ಬದ ಸುದ್ದಿಯನ್ನು ಮಾತ್ರ ಅಂದು ಗ್ರೂಪಿನಲ್ಲಿ ಎತ್ತಬೇಡಿ. ಅದನ್ನು ಇಪ್ಪತ್ನಾಲ್ಕಕ್ಕೇ, ಮರೆತವರ ಹಾಗೆ, ನಲವತ್ಮೂರು ಜನವೂ ಹಾಕಿ. ನಮ್ಮ ಊರು ಉಳಿಯಬೇಕು.

ಇಪ್ಪತ್ಮೂರರ ಸಂಜೆ, ಗ್ರೂಪಿಗೆ ಹೇಳದೆ, ಆಕೆಯ ಮನೆಗೆ ಹೋಗಿ. ಫೋಟೋ ತೆಗೆಯಬೇಡಿ, ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿ. ಬಾಯಿಂದ ಹೇಳಿದ್ದು ನಮ್ಮ ಕಾಲಕ್ಕೆ ಬಂದು ಮುಟ್ಟುವುದಿಲ್ಲ, ದಿನಮಂಡಳಿಗೆ ಗೊತ್ತಾಗುವುದಿಲ್ಲ. ಹುಟ್ಟಿದ ದಿನ ಚೆನ್ನಾಗಿರಲಿ ಕಾಕು ಎನ್ನಿ. ಬಾಗಿಲನ್ನು ಸ್ವಲ್ಪ ಜೋರಾಗಿ ಬಡಿಯಿರಿ, ಗಾಳಿ ಎಂದುಕೊಂಡಾಳು. ಇದರಿಂದ ಆಕೆಯ ಆ ಧ್ವನಿ ಬದಲಾಗುತ್ತದೆ, ಅಥವಾ ಇಲ್ಲದೇ ಹೋಗುತ್ತದೆ. ಹೋಗಲಿ. ಆ ಸಣ್ಣ ನಗು ಕೇಳಿದವರು ನಾವಿಬ್ಬರೇ, ನಮಗೂ ಮರೆತುಹೋಗಲಿ.

ಹೋಳಿಗೆ ಬಡಿಸುತ್ತಾಳೆ. ಬೇಡ ಎನ್ನಬೇಡಿ, ಬಿಸಿಯಾಗಿ ತಿನ್ನಿ, ನಾವು ತಿನ್ನಲಾಗದ್ದನ್ನು ನಮ್ಮ ಪರವಾಗಿ ತಿನ್ನಿ. ಗ್ಯಾಸಿನವನು ಮನೆ ತಪ್ಪಿ ಬಂದರೆ ಅವನಿಗೂ ಕೊಡಿಸಿ. ಆದರೆ ಹತ್ತರಲ್ಲಿ ಒಂದನ್ನು ಮಾತ್ರ ತಟ್ಟೆಯಲ್ಲಿ ಬಿಟ್ಟು ಏಳಿ, ಹೊಟ್ಟೆ ತುಂಬಿತು ಎಂದು ಏನಾದರೂ ನೆಪ ಹೇಳಿ. ಆಕೆ ಅದನ್ನು ಮರುದಿನ ಬೆಳಿಗ್ಗೆ ತಿಂದು ಆ ಒಂದು ಸಾಲು ಬರೆಯಬೇಕು. ರಾಣೆಬೆನ್ನೂರು ನಿಂತಿರುವುದು ಆ ಒಂದು ಹೋಳಿಗೆಯ ಮೇಲೆ.