ಮೆತೊದಿ ಮೇಷ್ಟ್ರ ಬಾಗಿಲು

ಪ್ಲೊವ್‌ದಿವ್, ಸಂಜೆ ಆರು ಗಂಟೆ

ಅಕ್ಕಾ,

ಯುರೋಪ್ ಒಕ್ಕೂಟ ಹಾಕಿಕೊಟ್ಟ ಖರ್ಚಿನ ಗುರಿ ಮುಟ್ಟಬೇಕೆಂದು ಸರ್ಕಾರ ಕೊನೆಗೂ ಸಂಶೋಧನೆಗೆ ಹಣ ಕೊಟ್ಟಿತು. ನಮ್ಮ ಯಜಮಾನರು ಬದುಕೆಲ್ಲ ಬೇಡಿದ ಪ್ರಯೋಗಾಲಯ ಇವರು ತೀರಿಹೋದ ಮೇಲೆ ಎದ್ದು ನಿಂತಿದೆ. ಫಲಕದಲ್ಲಿ ಇವರ ಹೆಸರಿಲ್ಲ. ಅದಕ್ಕೇ ಇವರ ಫೋಟೊ ಇರುವ ಶ್ರದ್ಧಾಂಜಲಿ ಹಾಳೆಯನ್ನು ಇವತ್ತು ಅದರ ಗಾಜಿನ ಬಾಗಿಲಿಗೆ ಅಂಟಿಸಿದೆ. ಬ್ರಸೆಲ್ಸ್‌ನಿಂದ ಬಂದ ಅಧಿಕಾರಿ ಅದನ್ನು ತೋರಿಸಿ, "ತೆಗೆಯಲೇ?" ಎಂದರು. ಬೇಡವೆಂದು ತಲೆಯಾಡಿಸಿದೆ. ಅವರು ಕೀಳತೊಡಗಿದರು!

ಕಾವಲಿನ ಸ್ತಾಮೆನ್ ಓಡಿಬಂದ. "ಬಿಡಿ ಸ್ವಾಮಿ, ಅದು ನಮ್ಮ ಮೆತೊದಿ ಮೇಷ್ಟ್ರು! ನಮ್ಮಲ್ಲಿ ತಲೆ ಮೇಲೆ ಕೆಳಗೆ ಆಡ್ಸಿದ್ರೆ ಬೇಡ ಅಂತ. ನಮ್ಮ ತಲೆ ಯುರೋಪಿನ ಲೆಕ್ಕಕ್ಕೆ ತರೋಕೆ ಇನ್ನೂ ದುಡ್ಡು ಬಂದಿಲ್ಲ!"

ಅಧಿಕಾರಿ ಕೆಂಪಾಗಿ, ಎದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದರು.

ನನ್ನ ಮಂಡಿನೋವು ಕಡಿಮೆಯಿದೆ. ನಾಳೆ ಬೆಳಿಗ್ಗೆ ಉದ್ಘಾಟನೆ. ಮಂತ್ರಿಗಳು ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು.

ರಾಯ್ನಾ