ಕೊಡೆ ಹಿಡಿದವನ ತಾಯಿ

ಮಾರ್ಚ್ 6, ಬೆಳಿಗ್ಗೆ 11
ಅಂಕಣ ಕಳಿಸಿ ಕೈ ತೊಳೆದುಕೊಂಡೆ. ಆರುನೂರು ಪದ, ಒಂದೇ ಪಟ್ಟಿಗೆ. ದೋಣಿ ದುರಂತದ ಬಗ್ಗೆ ಎಲ್ಲರೂ ಅತ್ತಾಗಿದೆ, ನೀವು ಸ್ವಲ್ಪ ಹಗುರವಾಗಿ ಬರೀರಿ ಎಂದಿದ್ದರು ಪುರವಣಿ ಸಂಪಾದಕರು. ದಡದಿಂದ ಯಾರೋ ತೆಗೆದ ಫೋಟೊ ಸಿಕ್ಕಿತು — ವಾಲಿದ ದೋಣಿಯಲ್ಲಿ ಒಬ್ಬ ಕೊಡೆ ಬಿಚ್ಚಿ ಎತ್ತಿ ಹಿಡಿದಿದ್ದಾನೆ. ಬಿಡುತ್ತೇನೆಯೇ? ‘ಈ ಮಹಾಶಯರಿಗೆ ನೆನೆಯುವುದೆಂದರೆ ಆಗಿಬರದು’ ಎಂದೇ ಶುರು.
ಯಾವಾಗಲೂ ಹೆಂಡತಿಗೆ ಓದಿ ಹೇಳಿಯೇ ಕಳಿಸುವುದು. ಎರಡು ಸಲ ನಕ್ಕರೆ ಪಾಸು. ತಂಗಿಯ ಮನೆಗೆ ಹೋಗಿದ್ದಾಳೆ. ನಾನೇ ಎರಡು ಸಲ ನಕ್ಕೆ.

ಮಾರ್ಚ್ 9, ಭಾನುವಾರ
ಅಚ್ಚಾಗಿದೆ. ಹತ್ತು ಗಂಟೆಗೆ ಫೋನ್. ವಯಸ್ಸಾದ ಹೆಂಗಸಿನ ದನಿ. ಮೊದಲು ಮಾತೇ ಇಲ್ಲ, ಬರೀ ನಗು. ನಕ್ಕು ಸುಸ್ತಾಗಿ, “ಎಷ್ಟ್ ಚೆನ್ನಾಗಿ ಬರ್ದಿದೀರಪ್ಪಾ! ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ” ಎಂದು ಇಟ್ಟುಬಿಟ್ಟರು. ಉಬ್ಬಿಹೋದೆ. ಸುಳ್ಳು ಯಾಕೆ?

ಮಾರ್ಚ್ 10
ಬೈಗುಳದ ಸುರಿಮಳೆ. ಆಫೀಸಿನ ಮೇಲ್ ತುಂಬಿ ತುಳುಕುತ್ತಿದೆ. ಬರೆಯಿರಿ ಎಂದ ಸಂಪಾದಕರೇ ಈಗ “ನನಗೇನ್ ಗೊತ್ತಿತ್ತು ಹೀಗ್ ಬರೀತೀರಿ ಅಂತ?” ಎನ್ನುತ್ತಾರೆ.
ಇವಳು ಬಂದಳು. ಬ್ಯಾಗು ಕೆಳಗಿಡದೆ ನಿಂತೇ ಓದಿದಳು. “ಇದನ್ನ ನನಗ್ಯಾಕ್ರೀ ಓದಿ ಹೇಳ್ಲಿಲ್ಲ?” ಅಷ್ಟೇ. ಎರಡೇಟು ಹೊಡೆದಿದ್ದರೆ ವಾಸಿಯಿತ್ತು.
ಹತ್ತಕ್ಕೆ ಮತ್ತೆ ಆ ಅಜ್ಜಿಯ ಫೋನ್. ಅದೇ ನಗು, ನಿನ್ನೆ ನಿಂತ ಜಾಗದಲ್ಲೇ ನಿಂತಿತು. ಇರಲಿ, ಒಬ್ಬರಾದರೂ ಇದ್ದಾರಲ್ಲ.

ಮಾರ್ಚ್ 13
ದಿನಾ ಹತ್ತಕ್ಕೆ. ಇಂದು ಇಡೀ ಅಂಕಣವನ್ನು ಬಾಯಿಪಾಠ ಒಪ್ಪಿಸಿದರು. ನಾನು ಅಲ್ಪವಿರಾಮ ಹಾಕಿದ ಕಡೆಯಲ್ಲೆಲ್ಲ ಉಸಿರು ತೆಗೆದುಕೊಂಡು. ಮೈ ಜುಮ್ಮೆಂದಿತು. ತಾವು ಯಾರು ಎಂದೆ.
“ಆ ಕೊಡೆ ಹಿಡ್ಕೊಂಡಿದಾನಲ್ಲ, ಅವನ ತಾಯಿ.”
ಎದ್ದು ಕೋಣೆಯ ಬಾಗಿಲು ಹಾಕಿಕೊಂಡೆ.
“ಹೋದ, ಹೋದ ಅಂತ ಎಲ್ಲರೂ ಅಳ್ತಾ ಕೂತಿದ್ರು. ನೀವೊಬ್ರೇ ನಿಜ ಬರ್ದಿದ್ದು. ಸತ್ತೋರ ಬಗ್ಗೆ ಯಾರಾದ್ರೂ ಹೀಗೆ ತಮಾಷೆ ಮಾಡ್ತಾರಾ? ನನ್ನ ಮಗ ಇದಾನೆ.”
ಫೋನ್ ಇಟ್ಟ ಮೇಲೂ ನಗು ಕೇಳುತ್ತಿತ್ತು...

ಮಾರ್ಚ್ 17
ಮೂರು ದಿನ ಫೋನ್ ಬಂದ್ ಮಾಡಿಟ್ಟೆ. ಹೇಡಿ. ಇಂದು ಆಕೆಯ ಸೊಸೆಯೇ ಆಫೀಸಿಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.
“ನೆನೀಬಾರ್ದು ಅಂತ ಅಲ್ಲ ಸಾರ್. ಇನ್ನೊಂದು ದೋಣಿಯವರಿಗೆ ಕಾಣ್ಲಿ ಅಂತ ಇವರು ಕೊಡೆ ಎತ್ತಿ ಹಿಡಿದಿದ್ರು. ಅದನ್ನ ನೋಡೇ ಅವರು ಬಂದಿದ್ದು. ಹದಿನಾರು ಜನ ಉಳ್ಕೊಂಡ್ರು. ಇವರು ಸಿಗ್ಲೇ ಇಲ್ಲ.”
ತಲೆ ತಗ್ಗಿಸಿದೆ. ಎತ್ತುವ ಮುಖವೆಲ್ಲಿತ್ತು?
“ಅತ್ತೆ ನಿಮ್ಮ ಪೇಪರ್ ಕಟಿಂಗ್ ಹಿಡ್ಕೊಂಡು ದಿನಾ ಹೊಳೆಗೆ ಹೋಗ್ತಾರೆ. ಮೊದಲು ಮೆಟ್ಟಿಲ ಮೇಲೆ ನಿಲ್ತಿದ್ರು. ನಿನ್ನೆ ಸೊಂಟದವರೆಗೂ ಇಳಿದಿದ್ರು. ಅವನು ಕರೀತಿದಾನೆ ಅಂತಾರೆ. ನಾಳೆ ಎಲ್ಲಿವರೆಗೆ ಇಳೀತಾರೋ...”
ಭಾನುವಾರವೇ ಕ್ಷಮೆ ಅಚ್ಚು ಹಾಕಿಸುತ್ತೇನೆ ಎಂದೆ.
“ಅದನ್ನೂ ತಮಾಷೆ ಅಂದ್ಕೋತಾರೆ ಸಾರ್. ನೀವೇ ಮನೆಗೆ ಬಂದು, ಅವನಿಲ್ಲ ಅಂತ ಬಾಯ್ಬಿಟ್ಟು ಹೇಳ್ಬೇಕು. ನಿಮ್ಮನ್ನ ಮಾತ್ರ ನಂಬೋದು.”

ಮಾರ್ಚ್ 18
ಬೆಳಗಿನಿಂದ ಒಂದೇ ವಾಕ್ಯದ ಅಭ್ಯಾಸ. ‘ಅಮ್ಮಾ, ನಿಮ್ಮ ಮಗ ಇಲ್ಲ.’ ಇಪ್ಪತ್ತು ವರ್ಷ ಮಾತಿನಲ್ಲೇ ಹೊಟ್ಟೆ ಹೊರೆದವನಿಗೆ ನಾಲ್ಕು ಪದ ಬಾಯಿಗೆ ಬರುತ್ತಿಲ್ಲ. ಇವಳ ಮುಂದೆ ಹೇಳಿ ನೋಡಿದೆ.
“ಕೊನೇಲಿ ಯಾಕ್ರೀ ನಗ್ತೀರಿ?”
ನಾನು ನಕ್ಕಿರಲಿಲ್ಲ. ಮತ್ತೆ ಹೇಳಿದೆ. ಇವಳು ಎದ್ದು ಒಳಗೆ ಹೋದಳು. ಕನ್ನಡಿ ನೋಡಲು ಧೈರ್ಯವಾಗಲಿಲ್ಲ.

ಮಾರ್ಚ್ 19, ಬೆಳಿಗ್ಗೆ 10.20
ಅವರ ಮನೆಯ ಮುಂದಿನ ಕೋಣೆ. ಅವರ ಮುಖ ನೋಡುವುದು ತಪ್ಪಲಿ ಎಂದು ಈ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ತಾಯಿಗೆ ಖುಷಿಯೋ ಖುಷಿ — ಬರಹಗಾರರು ಬಂದಲ್ಲೂ ಬರೀತಾರೆ ನೋಡು ಎನ್ನುತ್ತಾರೆ. ಸೀರೆ ಮೊಣಕಾಲಿನವರೆಗೂ ಒದ್ದೆ. ಮೇಜಿನ ಮೇಲೆ ನಾಲ್ಕು ತಟ್ಟೆ. ಇರುವವರು ಮೂವರು.
ಒಳಗೆ ಬಚ್ಚಲಲ್ಲಿ ನೀರು ಬೀಳುತ್ತಿದೆ.
“ಸ್ನಾನಕ್ಕೆ ಹೋಗಿದಾನೆ. ಈಗ ಬಂದ್ಬಿಡ್ತಾನೆ.”
ಸೊಸೆ ನನ್ನ ಪಕ್ಕಕ್ಕೆ ಬಗ್ಗಿ, “ದಿನಾ ಅವರೇ ನಲ್ಲಿ ಬಿಟ್ಟು ಬಾಗಿಲು ಎಳೀತಾರೆ” ಎಂದು ಪಿಸುಗುಟ್ಟಿದರು. ಜೀವ ಬಂತು. ಅಮ್ಮಾ, ಒಂದು ಮಾತು ಹೇಳೋಕೆ ಬಂದೆ ಎಂದೆ.
“ಒಂದ್ನಿಮಿಷ ತಡೀರಿ, ಅವನೂ ಬರ್ಲಿ. ಅದೇನಿದ್ರೂ ಅವನ ಮುಂದೇನೇ ಹೇಳಿ.”
ಇಲ್ಲ. ಈಗಲೇ ಹೇಳಬೇಕು. ತಾಯಿ ನಾಲ್ಕನೆಯ ತಟ್ಟೆ ಒರೆಸುತ್ತಿದ್ದಾರೆ. ಸೊಸೆ ನನ್ನೆದುರಿಗೇ ನಿಂತಿದ್ದಾರೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೇಳುತ್ತೇನೆ. ಅಮ್ಮಾ, ನಿಮ್ಮ ಮಗ
ನೀರು ನಿಂತಿತು.
ಸೊಸೆಯ ಮುಖ ಬಿಳಿಚಿಕೊಂಡಿದೆ. ಬಚ್ಚಲ ಬಾಗಿಲಿನ ಚಿಲಕ ಒಳಗಿನಿಂದ ಸರಿಯುವ ಸದ್ದು —