ಬುಟ್ಟಿಯ ಕೆಳಗಿನ ತಟ್ಟೆ

ಮಂಗಳಗೌರಿಯ ಅಪ್ಪನವರಿಗೆ,

ಮೊದಲ ಬಸ್ಸಿಗೆ ಹೊರಟಿದ್ದೇನೆ. ಚಾಮರಾಜನಗರದಲ್ಲಿ ಅಣ್ಣ ಕಾದಿರುತ್ತಾನೆ. ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ, ಹಲ್ಲಿನ ಡಾಕ್ಟರ ಹತ್ತಿರ. ನಿಮ್ಮನ್ನು ಕೇಳಲಿಲ್ಲ. ಕೇಳಿ ಕೇಳಿ ಇಪ್ಪತ್ತು ದಿನವಾಯಿತು.

ಹುರುಳಿ ಸಾರು ಒಲೆಯ ಮೇಲಿದೆ. ಮುದ್ದೆ ಮಂಗಳಗೌರಿ ತೊಳಸುತ್ತಾಳೆ. ಹನ್ನೊಂದು ವರ್ಷದ ಮಗು, ಗಂಟಾದರೆ ಬೈಯಬೇಡಿ. ಕೆಂದ ಹಸು ಒದೆಯುತ್ತದೆ, ಹಾಲು ನೀವೇ ಕರೆಯಿರಿ.

ಹಲ್ಲು ಕೊಳೆತು ಬೇರಿನಲ್ಲಿ ಕೀವು ಕಟ್ಟಿದೆ, ಕೀಳಿಸಲೇಬೇಕು ಎಂದು ಗುಂಡ್ಲುಪೇಟೆಯ ಡಾಕ್ಟರು ನಿಮ್ಮೆದುರಿಗೇ ಹೇಳಿದರು. ತಲೆಯಾಡಿಸಿದಿರಿ. ಮನೆಗೆ ಬಂದರೆ ಅತ್ತೆ, "ಉಳ ಬಿದ್ದದೆ ಕಣಮ್ಮಿ, ಒಗೆ ಹಿಡಿಸ್ಬುಟ್ರೆ ಓಯ್ತದೆ" ಅಂದರು. ಅದಕ್ಕೂ ತಲೆಯಾಡಿಸಿದಿರಿ. ನೆಲಗುಳ್ಳದ ಬೀಜ ಸುಟ್ಟ ಹೊಗೆಯನ್ನು ಮೂರು ಸಲ ನನ್ನ ಬಾಯಿಗೆ ಹಿಡಿಸಿದಿರಿ. ಮೂರು ಸಲವೂ ಕೆಂಡದ ಕೆಳಗಿಟ್ಟ ತಟ್ಟೆಯ ನೀರಿಗೆ ಬಿದ್ದ ಬಿಳಿ ಹುಳುಗಳನ್ನು ಬೀದಿಯವರನ್ನೆಲ್ಲ ಕರೆದು ತೋರಿಸಿದಿರಿ. ಬಾತ ಕೆನ್ನೆಯನ್ನು ಮಾತ್ರ ನೀವು ನೋಡಲಿಲ್ಲ.

ಹೋದ ವರ್ಷ ನಿಮ್ಮ ಹಲ್ಲು ನೊಂದಾಗ ಮಾರನೆಯ ದಿನವೇ ಮೈಸೂರಿಗೆ ಹೋದಿರಿ. ಹುಳ ಬರೀ ಸೊಸೆಯರ ಹಲ್ಲಿಗೇ ಬೀಳುತ್ತದೆಯೋ ಏನೋ.

ಒಲೆಯ ಪಕ್ಕ ಅದೇ ತಟ್ಟೆಗೆ ಬುಟ್ಟಿ ಮುಚ್ಚಿಟ್ಟಿದ್ದೇನೆ, ತೆಗೆದು ನೋಡಿ. ಮಿಕ್ಕಿದ್ದ ಬೀಜವನ್ನು ಬೆಳಗ್ಗೆ ನಾನೇ ಕೆಂಡಕ್ಕೆ ಹಾಕಿ, ಕೆಂಡದ ಬಟ್ಟಲನ್ನು ನೀರಿನ ತಟ್ಟೆಯಲ್ಲಿಟ್ಟು, ಮೇಲೆ ಮಡಕೆ ಬೋರಲು ಹಾಕಿದೆ. ಹತ್ತಿರ ಯಾರ ಬಾಯಿಯೂ ಇರಲಿಲ್ಲ. ಹುಳು ಅಷ್ಟೇ ಬಿದ್ದಿವೆ, ಅಷ್ಟೇ ಬೆಳ್ಳಗಿವೆ.

ಅತ್ತೆಗೂ ತೋರಿಸಿ. ಈ ಸಲವೂ ಬೀದಿಯವರನ್ನೆಲ್ಲ ಕರೆಯಿರಿ.

ಶಿವರುದ್ರಮ್ಮ